ಹೆಬ್ಬೆರಳಿನ ಬದುವಿನ ತಂಟೆ

ಕಾಲಿನ ವಿಷಯದಲ್ಲಿ ನಮ್ಮ ಕಬ್ಬೂರ ಮಂದಿಯಷ್ಟು ಪರಿಣತರು ಚಿಕ್ಕೋಡಿ ತಾಲ್ಲೂಕಿನಲ್ಲೇ ಇಲ್ಲ. ಸಾಲ ಬೇಕಾದಾಗ ಯಾರ ಕಾಲು ಹಿಡಿಯಬೇಕು, ಇಲೆಕ್ಷನ್ ಬಂದಾಗ ಯಾರ ಕಾಲು ಎಳೆಯಬೇಕು, ಯಾರ ಕಾಲ್ಗುಣದಿಂದ ಬೋರ್‌ವೆಲ್ಲಿಗೆ ನೀರು ಬಿತ್ತು, ಹೊಸ ಸೊಸೆ ಹೊಸ್ತಿಲು ದಾಟುವಾಗ ಮುಂದಿಟ್ಟದ್ದು ಬಲಗಾಲೋ ಎಡಗಾಲೋ, ಎಲ್ಲದರ ಲೆಕ್ಕ ಬಾಯಿಪಾಠ. ಆದರೆ ಅಂಥ ಒಬ್ಬ ಪರಿಣತರನ್ನು ಹಿಡಿದು, "ಯಜಮಾನ್ರ, ನಿಮ್ಮ ಕಾಲಿನ ಹೆಬ್ಬೆರಳು ಸದ್ಯಕ್ಕ ಯಾವ ದಿಕ್ಕಿಗೆ ಮಾರಿ ಮಾಡೈತಿ?" ಅಂತ ಕೇಳಿ ನೋಡಿ. ಉತ್ತರ ಬರುವುದಿಲ್ಲ. ಬಗ್ಗಿ ನೋಡಬೇಕು, ಬಗ್ಗಲು ಹೋದರೆ ನಡುವೆ ಹೊಟ್ಟೆ ಅಡ್ಡ ಬರುತ್ತದೆ. ಮಂದಿಯ ಕಾಲಿಗೆ ಬಿದ್ದು ಬಿದ್ದು ಜೀವನ ಸವೆಸಿದವರೂ ತಮ್ಮ ಕಾಲನ್ನು ನೋಡಿರುವುದಿಲ್ಲ.

ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಕಟ್ಟೆಯ ಮೇಲೆ ಒಬ್ಬ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂತನೆನ್ನಿ. ಹೆಬ್ಬೆರಳಿನ ಬುಡದಲ್ಲಿ, ಪಾದದ ಒಳಮಗ್ಗುಲಿಗೆ, ಕೆಂಪಗೆ ಎದ್ದ ಗಂಟೊಂದು ಕಂಡಿತೆನ್ನಿ. ಕೂಡಲೇ ವೈದ್ಯಕೀಯ ಮಂಡಳಿ ಸಭೆ ಸೇರಿತೆಂದೇ ತಿಳಿಯಿರಿ. "ವಾಯಿ ಐತಿ ಅದು, ಬದನಿಕಾಯಿ ಬಿಡು" ಎಂದು ಒಬ್ಬ. "ಯೂರಿಕ್ ಆ್ಯಸಿಡ್ ಏರೈತಿ, ಬ್ಯಾಳಿ ಬಿಡು" ಎಂದು ಇನ್ನೊಬ್ಬ. "ಏ, ಆಣಿ ಆಗೈತಿ. ಬ್ಲೇಡ್ ತಗೊಂಡು ಕೆತ್ತಿ ಸುಣ್ಣ ಹಚ್ಚು" ಎಂದು ಮೂರನೆಯವ. ಕೊನೆಗೆ ಬಾಯಿ ತೆರೆಯುವವನು ಮಿರಜಿನ ದವಾಖಾನೆಗೆ ಹೋಗಿಬಂದ ಅನುಭವಿ: "ಎಲುಬು ಬೆಳದೈತೋ ಮಾರಾಯಾ. ಕೊರದು ತಗೀತಾರ." ಸಭೆ ಮುಗಿಯಿತು. ಬದನೆಕಾಯಿಯೂ ಇಲ್ಲದೆ ಬೇಳೆಯೂ ಇಲ್ಲದೆ ಆ ಮನುಷ್ಯನ ಹೆಂಡತಿ ನಾಳೆ ಏನು ಅಡಿಗೆ ಮಾಡಬೇಕು ಎಂಬುದು ಮಂಡಳಿಯ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ. ಇಷ್ಟು ಜನ ಇಷ್ಟು ಮಾತಾಡಿದರಲ್ಲ, ಒಬ್ಬನಾದರೂ "ಎದ್ದು ನಿಂದರಪಾ, ನೋಡೂಣು" ಅಂದನೇ? ಇಲ್ಲ. ನನ್ನ ತಕರಾರು ಅಲ್ಲೇ ಇರುವುದು.

ಡಾಕ್ಟರ್ ಮಂದಿ ಈ ಗಂಟಿಗೆ ಬನಿಯನ್ ಅನ್ನುತ್ತಾರೆ. ನಮ್ಮ ಕಾಕಾನಿಗೆ ದವಾಖಾನೆಯಲ್ಲಿ "ನಿಮಗ ಬನಿಯನ್ ಆಗೈತಿ" ಅಂದಾಗ ಆತ ಅಂಗಿಯ ಗುಂಡಿ ಬಿಚ್ಚಲು ಶುರು ಮಾಡಿದ್ದ ಅನ್ನುವುದು ಮನೆಮಂದಿ ಈಗಲೂ ಹೇಳಿ ನಗುವ ಕಥೆ. ಪುಸ್ತಕದೊಳಗಿನ ಹೆಸರು ಇನ್ನೂ ಭಾರ: ಹ್ಯಾಲಕ್ಸ್ ವ್ಯಾಲ್ಗಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಲ್ ಹ್ಯೂಟರ್ ಎಂಬ ಜರ್ಮನ್ ಶಸ್ತ್ರವೈದ್ಯ ಇಟ್ಟ ಹೆಸರು ಅದು.

ಮಿರಜಿನ ಅನುಭವಿಗೆ ಮೊದಲು ಉತ್ತರ ಕೊಡಬೇಕು. ಎಲುಬು ಬೆಳೆದಿಲ್ಲ, ಸರಿದಿದೆ. ಒಂದು ಪಾದದಲ್ಲಿ 26 ಎಲುಬುಗಳಿವೆ. ಅದರಲ್ಲಿ ಹೆಬ್ಬೆರಳಿನ ಪಾಲಿಗೆ ಬಂದದ್ದು ಬರೇ ಎರಡು ತುಂಡು. ಪಕ್ಕದ ಬೆರಳುಗಳಿಗೆ ಮೂರು ಮೂರು. ಹೆಬ್ಬೆರಳಿನ ಹಿಂದೆ, ಪಾದದೊಳಗೆ ಹುದುಗಿಕೊಂಡು, ಮೊದಲನೆಯ ಮೆಟಟಾರ್ಸಲ್ ಎಂಬ ದಪ್ಪನೆಯ ಎಲುಬು ಮಲಗಿದೆ. ಬೆರಳೂ ಅದೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು. ಬನಿಯನ್ ಆದಾಗ ಹಿಂದಿನ ಎಲುಬು ಇನ್ನೊಂದು ಕಾಲಿನ ಕಡೆಗೆ ಮೆಲ್ಲಗೆ ಜರುಗುತ್ತದೆ, ಮುಂದಿನ ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ. ನಡುವಿನ ಕೀಲಿನ ಮೂಲೆ ಹೊರಗೆ ಚಾಚುತ್ತದೆ. ಚಪ್ಪಲಿಯ ಪಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ಚರ್ಮ ದಪ್ಪಗಾಗುತ್ತದೆ, ಅದರಡಿಯ ನೀರಿನ ಚೀಲ ಊದುತ್ತದೆ. ನಾವು ನೀವು ನೋಡಿ ಗಾಬರಿಯಾಗುವ ಗಂಟು ಇಷ್ಟೇ.

ಬದುವಿನ ಜಗಳ ನೋಡದ ರೈತ ನಮ್ಮ ಸೀಮೆಯಲ್ಲಿ ಇದ್ದಾನೆಯೇ? ಯಾವ ಮಗನೂ ಒಂದೇ ರಾತ್ರಿಗೆ ಪಕ್ಕದವನ ಎಕರೆ ನುಂಗುವುದಿಲ್ಲ. ವರ್ಷಕ್ಕೊಂದು ಸಾಲು, ಬದುವಿನ ಮಗ್ಗುಲಿಗೆ ಕುಂಟೆ ತುಸು ವಾರೆ. ಹೆಬ್ಬೆರಳಿನ ರಾಜಕೀಯವೂ ಅದೇ. ಮೊದಲಿಗೆ ಪಕ್ಕದ ಬೆರಳಿಗೆ ಸುಮ್ಮನೆ ತಗಲುತ್ತದೆ. ಆಮೇಲೆ ಒತ್ತುತ್ತದೆ. ಆಮೇಲೆ ಅದರ ಕೆಳಗೆ ಇಲ್ಲವೇ ಮೇಲೆ ನುಗ್ಗುತ್ತದೆ. ಪಕ್ಕದ ಬೆರಳು ಸಾಧು ಪ್ರಾಣಿ. ನುಗ್ಗಿದಷ್ಟೂ ಸರಿದು ಕೊಡುತ್ತದೆ, ಕೊನೆಗೆ ಡೊಂಕಾಗಿ ಎದ್ದು ನಿಂತು ಚಪ್ಪಲಿಗೆ ಉಜ್ಜಿಕೊಂಡು ತಾನೇ ಆಣಿ ಕಟ್ಟಿಸಿಕೊಳ್ಳುತ್ತದೆ. ತಂಟೆ ಹೆಬ್ಬೆರಳಿನದು, ಪೆಟ್ಟು ನೆರೆಯವನಿಗೆ. ಇದರೊಳಗೆ ಒಂದು ದ್ರೋಹದ ಭಾಗವೂ ಇದೆ. ಬೆರಳನ್ನು ನೆಟ್ಟಗೆ ಎಳೆದು ಹಿಡಿಯಬೇಕಾದ ಸ್ನಾಯುರಜ್ಜುಗಳು, ಬೆರಳು ಒಮ್ಮೆ ವಾಲಿದ ಮೇಲೆ ತಾವೂ ಗೆರೆ ತಪ್ಪಿ ವಾಲಿದ ಕಡೆಗೇ ಎಳೆಯತೊಡಗುತ್ತವೆ. ತಲಾಠಿಯೇ ಒತ್ತುವರಿದಾರನ ಕಡೆ ಸೇರಿದ ಮೇಲೆ ಬದು ತಾನಾಗಿ ಹಿಂದಕ್ಕೆ ಬರುವುದುಂಟೇ? ಅದಕ್ಕೇ ಈ ಗಂಟು ತಾನಾಗಿ ಕರಗುವುದಿಲ್ಲ. ಯಾರಾದರೂ ಎಣ್ಣೆ ತಿಕ್ಕಿ ಕರಗಿಸುತ್ತೇನೆ ಅಂದರೆ ಎಣ್ಣೆಯ ರೇಟು ಕೇಳಿ ಎದ್ದು ಬನ್ನಿ.

ಈಗ ನಮ್ಮ ಚಿಗವ್ವನ ಕಾಲಿಗೆ ಬರುತ್ತೇನೆ. ಆಕೆಯ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. "ಬರಿ, ಆದ್ರ ಹೆಸರ ಹಾಕಬ್ಯಾಡ" ಅಂದಿದ್ದಾಳೆ. ಕಳೆ ತೆಗೆಯುವುದರಿಂದ ಹಿಡಿದು ಕಬ್ಬಿನ ಬೀಜ ಊರುವವರೆಗೆ ಎಲ್ಲ ಮಾಡಿದ ಕಾಲು ಅದು. ಕೂತಾಗ ಅಂಥದ್ದೇನೂ ಕಾಣುವುದಿಲ್ಲ, ಹೆಬ್ಬೆರಳು ತುಸು ಓರೆ, ಅಷ್ಟೆ. ಎದ್ದು ನಿಂತಳೋ, ಮೈಭಾರ ಪಾದಕ್ಕೆ ಇಳಿದ ಕೂಡಲೇ ಪಾದ ಅಗಲವಾಗಿ ಹರಡುತ್ತದೆ, ಹೆಬ್ಬೆರಳು ಸರಕ್ಕನೆ ಪಕ್ಕಕ್ಕೆ ಹೋಗಿ ಎರಡನೆಯ ಬೆರಳಿನ ಬೆಳ್ಳಿಯ ಕಾಲುಂಗುರಕ್ಕೆ ತಾಗಿ ನಿಲ್ಲುತ್ತದೆ. ಉಂಗುರ ಹೊರಗೆ ಬಂದು ವರ್ಷಗಳಾದವು. ಸಬಕಾರ ಹಚ್ಚಿ ಎಳೆದರೂ ಬರುವುದಿಲ್ಲ. ಎರಡು ಬೆರಳಿನ ಸಂದಿಯ ಚರ್ಮ ಬೆಳ್ಳಗೆ ನೆನೆದು ಸುಲಿದಿದೆ. ಹೆಬ್ಬೆರಳಿನ ಉಗುರು ಆಕಾಶ ನೋಡುವುದನ್ನು ಬಿಟ್ಟು ಇನ್ನೊಂದು ಕಾಲಿನ ಕಡೆಗೆ ಮಗ್ಗುಲಾಗಿದೆ, ಬೆರಳು ವಾಲುವಾಗ ತುಸು ಹೊರಳಿಯೂ ಇರುತ್ತದೆ. ಅಂಗಾಲು ಎತ್ತಿ ನೋಡಿದರೆ ಎರಡನೆಯ ಬೆರಳಿನ ಬುಡದಡಿ ಚರ್ಮ ಗಟ್ಟಿಯಾಗಿ ಹಳದಿಗಟ್ಟಿದೆ. ಹೆಬ್ಬೆರಳು ತನ್ನ ಪಾಲಿನ ಭಾರ ಹೊರುವುದನ್ನು ಬಿಟ್ಟಿದೆ, ಅದನ್ನು ಪಕ್ಕದವರು ಹೊರುತ್ತಿದ್ದಾರೆ ಎಂಬುದರ ಪಂಚನಾಮೆ ಅದು. ಚಿಗವ್ವನ ಜಾಣತನ ನೋಡಿ: ಪ್ಲಾಸ್ಟಿಕ್ ಚಪ್ಪಲಿಯ ಪಟ್ಟಿಯಲ್ಲಿ ಗಂಟಿನ ಮೇಲೆ ಬರುವಷ್ಟು ಜಾಗವನ್ನು ಬ್ಲೇಡಿನಿಂದ ಕತ್ತರಿಸಿ ಕಿಟಕಿ ಮಾಡಿಕೊಂಡಿದ್ದಾಳೆ. ಯಾವ ಆರ್ಥೋಪೆಡಿಕ್ ಪುಸ್ತಕವನ್ನೂ ಓದದೆ ಆಕೆ ಚಿಕಿತ್ಸೆಯ ಮೊದಲ ಪಾಠ ಕಂಡುಕೊಂಡಿದ್ದಳು. ಚಪ್ಪಲಿಗೆ ತಕ್ಕಂತೆ ಕಾಲನ್ನಲ್ಲ, ಕಾಲಿಗೆ ತಕ್ಕಂತೆ ಚಪ್ಪಲಿಯನ್ನು ಕತ್ತರಿಸಬೇಕು.

ಇದು ಬನಿಯನ್ನೋ ಬೇರೆಯೋ ಅಂತ ಗೊತ್ತಾಗುವುದು ಹೇಗೆ? ಯೂರಿಕ್ ಆ್ಯಸಿಡ್‌ನವನ ಕಥೆ ಬೇರೆ. ಅದು, ಗೌಟ್, ಕಳ್ಳನ ಹೊತ್ತಿಗೆ ಬರುತ್ತದೆ. ರಾತ್ರಿ ಛಲೋ ಮಲಗಿದವನು ಬೆಳಗಿನ ಜಾವ ಎದ್ದು ಚೀರುತ್ತಾನೆ, ಅದೇ ಹೆಬ್ಬೆರಳಿನ ಬುಡ ಕೆಂಡವಾಗಿರುತ್ತದೆ, ಮೇಲೆ ಚಾದರ ತಗುಲಿದರೂ ತಡೆಯದು. ಕೆಲವು ದಿನಕ್ಕೆ ಇಳಿಯುತ್ತದೆ. ಬನಿಯನ್‌ಗೆ ಇಂಥ ನಾಟಕವಿಲ್ಲ, ಅದು ವರ್ಷಗಟ್ಟಲೆ ಸದ್ದಿಲ್ಲದೆ ಬರುತ್ತದೆ. ಬೆರಳು ನೆಟ್ಟಗೇ ಇದ್ದು, ಮೇಲಕ್ಕೆ ಮಾತ್ರ ಬಗ್ಗದೆ ನೋಯುತ್ತಿದ್ದರೆ ಅದು ಕೀಲು ಸವೆದು ಬಿಗಿದ ಬೇನೆ. ಸರಿಯಾದ ಹೆಬ್ಬೆರಳು ಹೆಜ್ಜೆ ಕೀಳುವಾಗ ಅರವತ್ತು ಡಿಗ್ರಿಯ ಮೇಲೆ ಹಿಂದಕ್ಕೆ ಬಾಗಬಲ್ಲದು. ಎರಡೂ ಕೈಯ ಬೆರಳ ಕೀಲುಗಳೂ ಊದಿದ್ದರೆ, ಮುಂಜಾನೆ ಎದ್ದಾಗ ಬಿಗಿದಿದ್ದರೆ, ಕಟ್ಟೆಯವನ 'ವಾಯಿ'ಯ ಮಾತಿಗೂ ತುಸು ತೂಕ ಕೊಟ್ಟು ರಕ್ತ ಪರೀಕ್ಷೆ ಮಾಡಿಸಬೇಕು. ಸಂಧಿವಾತವೂ ಬೆರಳನ್ನು ಹೀಗೆ ಓರೆ ಮಾಡುತ್ತದೆ. ಆದರೆ ಬ್ಲೇಡಿನವನ ಮಾತಿಗೆ ಮಾತ್ರ ತೂಕ ಕೊಡಬೇಡಿ. ಸಕ್ಕರೆ ಕಾಯಿಲೆಯವರು ಆ ಗಂಟನ್ನು ಕೆತ್ತಿಕೊಂಡರೆ ಉರಿ ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ, ಬೆರಳಿನ ತಂಟೆ ಪಾದಕ್ಕೇ ಬರುತ್ತದೆ. ಇದು ಹರಟೆಯ ಮಾತಲ್ಲ.

ಅಳತೆ ಬೇಕೆನ್ನುವವರಿಗೆ ಮನೆಯಲ್ಲೇ ಸಾಮಾನಿದೆ. ಮಗನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಒಮ್ಮೆಯಾದರೂ ಉಪಯೋಗಕ್ಕೆ ಬರಲಿ. ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆದರೆ ವಾಲಿದ್ದರ ಅಂದಾಜು ಸಿಗುತ್ತದೆ. ಖರೆ ಲೆಕ್ಕ ಎಕ್ಸ್-ರೇಯಲ್ಲಿ. ಅಲ್ಲಿ ಮೆಟಟಾರ್ಸಲ್ಲಿಗೊಂದು ಗೆರೆ, ಬೆರಳಿನ ಎಲುಬಿಗೊಂದು ಗೆರೆ ಎಳೆದು ನಡುವಿನ ಕೋನ ಅಳೆಯುತ್ತಾರೆ. 15 ಡಿಗ್ರಿಯವರೆಗೆ ಯಾರೂ ತಕರಾರು ಮಾಡುವುದಿಲ್ಲ, ನಿಸರ್ಗವೂ ಅಷ್ಟು ಓರೆ ಇಟ್ಟಿದೆ. 20ರ ತನಕ ಸೌಮ್ಯ, 40ರ ತನಕ ಮಧ್ಯಮ, ಅದರಾಚೆಗೆ ತೀವ್ರ. ಮೊದಲನೆಯ ಮತ್ತು ಎರಡನೆಯ ಮೆಟಟಾರ್ಸಲ್‌ಗಳ ನಡುವಿನ ಕೋನವೂ ಬೇಕು. ಅದು 9 ಡಿಗ್ರಿಯೊಳಗಿದ್ದರೆ ಸರಿ. ಈ ಎಕ್ಸ್-ರೇಯನ್ನು ನಿಂತು ತೆಗೆಸಿಕೊಳ್ಳಬೇಕು. ಮಲಗಿದ ಪಾದ ಸುಳ್ಳು ಹೇಳುತ್ತದೆ. ಭಾರವಿಲ್ಲದಾಗ ಎಲುಬುಗಳು ಒಟ್ಟಿಗೆ ಸೇರಿಕೊಂಡು ಕೋನ ಕಡಿಮೆ ತೋರುತ್ತದೆ. ಎಕ್ಸ್-ರೇಯೂ ಬೇಡ, ಕೋನವೂ ಬೇಡ ಅನ್ನುವವರಿಗೆ ಮ್ಯಾಂಚೆಸ್ಟರಿನವರು 2001ರಲ್ಲಿ ನಾಲ್ಕು ಫೋಟೋಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಗಂಟಿಲ್ಲದ ಪಾದದಿಂದ ತೀರಾ ಡೊಂಕಾದ ಪಾದದವರೆಗೆ ನಾಲ್ಕು ಚಿತ್ರ, ನಿಮ್ಮ ಕಾಲು ಯಾವುದನ್ನು ಹೋಲುತ್ತದೆ ನೋಡಿಕೊಳ್ಳಿ, ಅಷ್ಟೇ. ಮದುವೆಗೆ ಹುಡುಗಿಯ ಫೋಟೋ ನೋಡಿ ಹೋಲಿಸುವುದರಲ್ಲಿ ಪಳಗಿದ ನಮ್ಮ ಹಿರಿಯರಿಗೆ ಇದೇನೂ ಕಷ್ಟದ ಕೆಲಸವಲ್ಲ.

ಇನ್ನು ಗುನ್ನೆ ಯಾರ ಮೇಲೆ ದಾಖಲಿಸುವುದು? ಮೊದಲ ಆರೋಪಿ ಬೂಟು. 1958ರಲ್ಲಿ ಹಾಂಕಾಂಗಿನ ಇಬ್ಬರು ವೈದ್ಯರು, ಲ್ಯಾಮ್ ಸಿಮ್-ಫುಕ್ ಮತ್ತು ಹಾಡ್ಜ್‌ಸನ್, ಬೂಟು ಹಾಕುವ ಚೀನೀಯರ ಪಾದವನ್ನೂ ಬರಿಗಾಲಲ್ಲೇ ಬದುಕಿದ ಚೀನೀಯರ ಪಾದವನ್ನೂ ಹೋಲಿಸಿದರು. ಬೂಟಿನವರಲ್ಲಿ ನೂರಕ್ಕೆ 33 ಮಂದಿಗೆ ಹೆಬ್ಬೆರಳು ಓರೆ. ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರೂ ಪೂರ್ತಿ ಇಲ್ಲ, 1.9. ಇನ್ನೂ ಮಜಾ ಬೇಕೆಂದರೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಬೇಕು. ಅಲ್ಲಿನ ಸಂಶೋಧಕರು ಮಧ್ಯಯುಗದ 177 ಅಸ್ಥಿಪಂಜರಗಳ ಕಾಲು ನೋಡಿ 2021ರಲ್ಲಿ ವರದಿ ಪ್ರಕಟಿಸಿದರು. ಹನ್ನೊಂದರಿಂದ ಹದಿಮೂರನೆಯ ಶತಮಾನದವರಲ್ಲಿ ನೂರಕ್ಕೆ 6 ಮಂದಿಗಿದ್ದ ಬನಿಯನ್, ಹದಿನಾಲ್ಕು-ಹದಿನೈದನೆಯ ಶತಮಾನಕ್ಕೆ ನೂರಕ್ಕೆ 27ಕ್ಕೆ ಏರಿತ್ತು. ಯಾಕೆಂದರೆ ಆಗ ಅಲ್ಲಿ ಚೂಪು ಮೂತಿಯ ಬೂಟಿನ ಖಯಾಲಿ ಬಂದಿತ್ತು. ಮೂತಿ ಎಷ್ಟು ಉದ್ದ ಬೆಳೆಯಿತೆಂದರೆ 1465ರಲ್ಲಿ ದೊರೆ ನಾಲ್ಕನೆಯ ಎಡ್ವರ್ಡ್ ಲಂಡನ್ನಿನಲ್ಲಿ ಎರಡಿಂಚಿಗಿಂತ ಉದ್ದದ ಮೂತಿಯನ್ನೇ ನಿಷೇಧಿಸಬೇಕಾಯಿತು. ಅತಿ ಹೆಚ್ಚು ಬನಿಯನ್ ಸಿಕ್ಕಿದ್ದು ಯಾರ ಕಾಲಲ್ಲಿ ಗೊತ್ತೇ? ಹಳ್ಳಿಯ ಮಸಣದಲ್ಲಿ ನೂರಕ್ಕೆ 3, ಸನ್ಯಾಸಿಗಳ ಮಠದ ಆವರಣದಲ್ಲಿ ನೂರಕ್ಕೆ 43! ಲೌಕಿಕ ಬಿಟ್ಟವರ ಮಠದಲ್ಲೇ ಫ್ಯಾಶನ್ ಗಟ್ಟಿಯಾಗಿ ಕೂತಿತ್ತು. ಇದರ ಜೊತೆಗೆ ನಗೆ ಬಾರದ ಸಂಗತಿಯೊಂದನ್ನೂ ಅವರು ಕಂಡರು: ಬನಿಯನ್ ಇದ್ದ ಹಿರಿಯರಲ್ಲಿ ಬಿದ್ದು ಎಲುಬು ಮುರಿದುಕೊಂಡ ಗುರುತು ಹೆಚ್ಚು. ಹೆಬ್ಬೆರಳು ಊರದಿದ್ದರೆ ಮೈ ತೋಲ ತಪ್ಪುತ್ತದೆ.

ಇತ್ತ ನಮ್ಮ ಮದುವೆಗಳಲ್ಲಿ ವರಮಹಾಶಯರು ತೊಡುವ ಚೂಪು ಮೂತಿಯ ಬೂಟು ಕಂಡಾಗಲೆಲ್ಲ ನನಗೆ ಕೇಂಬ್ರಿಜ್ ನೆನಪಾಗುತ್ತದೆ. ನಾದಿನಿಯರು ಅದನ್ನು ಕದ್ದು ಮುಚ್ಚಿಟ್ಟು ದುಡ್ಡು ಕೇಳುವುದು ಈಗ ನಮ್ಮ ಕಡೆಯೂ ರೂಢಿಯಾಗಿದೆ. ವರನ ಹೆಬ್ಬೆರಳಿನ ಹಿತ ಬಯಸುವವರು ಆ ದುಡ್ಡು ಕೊಡದಿರುವುದೇ ಲೇಸು.

ಆದರೆ ಬೂಟನ್ನೊಂದೇ ಕಟಕಟೆಗೆ ಏರಿಸಿದರೆ ಅನ್ಯಾಯ. ಬರಿಗಾಲಿನವರಲ್ಲೂ 1.9 ಇದ್ದಾರಲ್ಲ, ಅವರು ಯಾವ ಬೂಟು ಹಾಕಿದ್ದರು? ಎರಡನೆಯ ಆರೋಪಿ ಮನೆಯೊಳಗೇ ಇದ್ದಾಳೆ, ಹಡೆದವ್ವ. ಅಪ್ಪನೂ ಆಗಬಹುದು. ಪಾದದ ಆಕಾರ, ಕೀಲಿನ ಸಡಿಲು ವಂಶದಲ್ಲಿ ಹರಿದುಬರುತ್ತವೆ. ಅಜ್ಜಿ, ಅವ್ವ, ಮಗಳು ಮೂವರ ಕಾಲನ್ನು ಸಾಲಾಗಿ ಇಡಿಸಿ ನೋಡಿದರೆ ಒಂದೇ ಗಂಟಿನ ಮೂರು ಆವೃತ್ತಿ ಕಾಣುವುದುಂಟು. ಹೆಂಗಸರಿಗೆ ಇದು ಗಂಡಸರಿಗಿಂತ ಹೆಚ್ಚು. ಲೋಕದ ಬೇರೆ ಬೇರೆ ಕಡೆಯ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ಲೆಕ್ಕದ ಪ್ರಕಾರ 18ರಿಂದ 65 ವಯಸ್ಸಿನವರಲ್ಲಿ ನೂರಕ್ಕೆ 23 ಮಂದಿಗೆ, ಅದಕ್ಕೂ ಹಿರಿಯರಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಹೆಬ್ಬೆರಳು ಓರೆ. ವಂಶ ಬೀಜ ಹಾಕುತ್ತದೆ, ಇಕ್ಕಟ್ಟಿನ ಬೂಟು ನೀರು ಹಾಯಿಸುತ್ತದೆ. ಇದು ನನ್ನ ತೀರ್ಪು. ಮೇಲ್ಮನವಿಗೆ ಮಿರಜಿಗೆ ಹೋಗಬಹುದು.

ಬೂಟಿನ ವಿರುದ್ಧ ಕರ್ನಾಟಕದಿಂದಲೂ ಒಂದು ಸಾಕ್ಷಿ ಇದೆ. ಗಂಟಿನದಲ್ಲ, ಅದರ ನೆಂಟನಾದ ಚಪ್ಪಟೆ ಪಾದದ್ದು. ಮಣಿಪಾಲದ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ವೈದ್ಯರು 4ರಿಂದ 13 ವಯಸ್ಸಿನ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ವರದಿ ಬರೆದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6, ಬರಿಗಾಲಿನ ಮಕ್ಕಳಲ್ಲಿ 2.8 ಚಪ್ಪಟೆ ಪಾದ. ಅದರಲ್ಲೂ ಮುಂದೆ ಮುಚ್ಚಿದ ಬೂಟಿನವರದ್ದೇ ಮೇಲುಗೈ, ಚಪ್ಪಲಿಯವರದ್ದು ನಡುವೆ. ಲೋಕದ ಮೂಳೆವೈದ್ಯರು ಇವತ್ತಿಗೂ ಉಲ್ಲೇಖಿಸುವ ಲೇಖನ ಅದು. ನಮ್ಮ ಸಾಲಿಗಳಲ್ಲಿ 2015ರಿಂದ ಸರಕಾರ ಮಕ್ಕಳಿಗೆ ಕಪ್ಪು ಶೂ, ಬಿಳಿ ಸಾಕ್ಸ್ ಕೊಡುತ್ತಿದೆ. ಮುಳ್ಳು, ಗಾಜು, ಕೊಕ್ಕೆಹುಳದಿಂದ ಕಾಲು ಉಳಿಯಿತು, ಆ ಮಟ್ಟಿಗೆ ದೊಡ್ಡ ಉಪಕಾರ. ಆದರೆ ಬೆಳೆಯುವ ಮಗುವಿನ ಕಾಲು ಬಜೆಟ್ ವರ್ಷದ ತನಕ ಕಾಯುವುದಿಲ್ಲ. ಜೂನ್‌ನಲ್ಲಿ ಹದವಾಗಿದ್ದ ಶೂ ದೀಪಾವಳಿಯ ನಂತರ ಬೆರಳಿಗೆ ಒತ್ತುತ್ತಿದ್ದರೆ, "ಇನ್ನ ನಾಕ ತಿಂಗಳ ಅಡ್ಜಸ್ಟ್ ಮಾಡ್ಕೊ" ಅನ್ನುವ ಅಪ್ಪನಿಗೆ ಒಂದು ದಿನ ಮಗನ ಶೂ ಹಾಕಿ ಕಬ್ಬಿನ ಗದ್ದೆಗೆ ಕಳಿಸಬೇಕು.

ದೊಡ್ಡವರ ಶೂಗೂ ಇದೇ ರಗಳೆ. ಬ್ರಿಟಿಷರು ಹೋದರೂ ಅವರ ಕಾಲಿನ ಅಳತೆ ನಮ್ಮಲ್ಲೇ ಉಳಿಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಮಿಕ್ಕಿ ಜನರ ಪಾದಗಳನ್ನು ಸ್ಕ್ಯಾನ್ ಮಾಡಿದರು. ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಹೊರಬಿತ್ತು. ಅಗಲದ ಶೂ ಸಿಗದೆ ನಾವು ಒಂದು ನಂಬರ್ ಉದ್ದದ್ದು ತಗೊಳ್ಳುತ್ತೇವೆ, ಅದರೊಳಗೆ ಕಾಲು ಜಾರಿ ಬೆರಳುಗಳು ಮುಂದಿನ ಮೂಲೆಗೆ ಹೋಗಿ ಮುದುಡುತ್ತವೆ. ನಮ್ಮದೇ ಕಾಲಿಗಾಗಿ 'ಭ' ಎಂಬ ಹೊಸ ಅಳತೆಯ ಪದ್ಧತಿಯನ್ನು ಅವರು ಸೂಚಿಸಿದ್ದಾರೆ. ಅಂಗಡಿಗೆ ಬಂದಾಗ ನೋಡೋಣ.

ಅಗಲದ ಪಾದರಕ್ಷೆ ಬೇಕೆಂದು ನಾವು ಚೆನ್ನೈಯತ್ತ ಯಾಕೆ ನೋಡಬೇಕು ಮಹರಾಯರೇ? ಅಥಣಿ, ನಿಪ್ಪಾಣಿ, ಮದಭಾವಿಯಲ್ಲಿ ಏನು ಮಾಡುತ್ತಾರೆ? ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆಯ ತೊಗಲು, ಮೊಳೆಯಿಲ್ಲದೆ ತೊಗಲಿನ ದಾರದಲ್ಲೇ ಹೊಲಿಗೆ, ಮನೆಯ ಹೆಣ್ಣುಮಕ್ಕಳು ಹೆಣೆದ ಜಡೆಪಟ್ಟಿ, ಹೆಬ್ಬೆರಳಿಗೆ ಸ್ವತಂತ್ರವಾದ ಒಂದು ಉಂಗುಟ, ಉಳಿದ ನಾಲ್ವರಿಗೆ ಬಯಲೋ ಬಯಲು. ಹೆಸರು ಕೊಲ್ಹಾಪುರದ್ದು, ಬೆವರು ನಮ್ಮದೂ ಇದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಗಡಿಯ ವಿಷಯಕ್ಕೆ ಮಹಾಜನ ವರದಿಯಿಂದ ಹಿಡಿದು ಸುಪ್ರೀಂ ಕೋರ್ಟಿನ ತನಕ ಅಲೆದ ಎರಡು ರಾಜ್ಯಗಳು ಒಂದೇ ಅರ್ಜಿಯಲ್ಲಿ ಕೂಡಿದ್ದು ಚಪ್ಪಲಿಗಾಗಿ! 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾದವರು ಮಿಲಾನಿನ ಫ್ಯಾಶನ್ ವೇದಿಕೆಯ ಮೇಲೆ ಇದೇ ನಮೂನೆಯನ್ನು ಹೆಸರು ಹೇಳದೆ ನಡೆಸಿದರು. ಗದ್ದಲವಾದ ಮೇಲೆ ಮೂಲ ಒಪ್ಪಿದರು, ಡಿಸೆಂಬರಿನಲ್ಲಿ ನಮ್ಮ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಅಂಥದ್ದೇ ನಿಗಮ ಲಿಡ್ಕಾಮ್ ಜೊತೆ ಒಪ್ಪಂದ ಮಾಡಿಕೊಂಡರು: ಇಲ್ಲೇ ತಯಾರಾಗುವ 2000 ಜೋಡಿ, ಬೆಲೆ ಒಂದಕ್ಕೆ ಸುಮಾರು 800 ಯೂರೊ. ಆ ದುಡ್ಡಿನಲ್ಲಿ ನಮ್ಮ ಊರಿನ ಒಂದು ಓಣಿಗೆಲ್ಲ ಚಪ್ಪಲಿ ಬರುತ್ತಿತ್ತು. ಮಿಲಾನಿನವರು ನಮ್ಮ ಚಪ್ಪಲಿ ಹಾಕಿ ಬೆರಳು ಹರವಿಕೊಳ್ಳುತ್ತಾರೆ, ನಮ್ಮ ಹುಡುಗರು ಅವರ ಚೂಪು ಬೂಟಿನ ನಕಲು ಹಾಕಿ ಬೆರಳು ಮುದುಡಿಕೊಳ್ಳುತ್ತಾರೆ.

ಅಭಿಮಾನ ಇದ್ದರೂ ಸತ್ಯ ಹೇಳಬೇಕು. ಕೊಲ್ಹಾಪುರಿ ಔಷಧವಲ್ಲ. ಹೊಸದಾಗಿದ್ದಾಗ ಅದು ಕಚ್ಚುತ್ತದೆ; ಎಣ್ಣೆ ಕುಡಿಸಿ, ಕರ್ ಕರ್ ಸದ್ದು ಮಾಡಿಸಿಕೊಂಡು, ಪಳಗಿಸಬೇಕು. ಗಂಟು ಈಗಾಗಲೇ ಎದ್ದವರಿಗೆ ಜಡೆಪಟ್ಟಿಯ ಅಂಚು ಸರಿಯಾಗಿ ಅದರ ಮೇಲೇ ಬಂದರೆ ಉಜ್ಜುತ್ತದೆ, ಉಂಗುಟ ವಾಲಿದ ಬೆರಳಿಗೆ ಹತ್ತುವುದೇ ಇಲ್ಲ. ಅಂಥವರು ಪಟ್ಟಿಯನ್ನು ಗಂಟಿನಿಂದ ಹಿಂದಕ್ಕೆ ಸರಿಸಿ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿಕೊಡುವ ಕೈ ಇನ್ನೂ ನಮ್ಮಲ್ಲಿದೆ, ಕೇಳುವ ಬಾಯಿ ಬೇಕು.

ಬರಿಗಾಲೇ ಮದ್ದು ಅನ್ನುವವರೂ ಇದ್ದಾರೆ. ಈ ಸೀಮೆಯಲ್ಲಿ ಬರಿಗಾಲಿಗೆ ಬರವಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ನಡೆಯುವವರು, ಉಗಾದಿ ಮುಂದೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲದ ತನಕ ಹೋಗುವವರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಮುನಿದೀಕ್ಷೆ ಪಡೆದ ಮೇಲೆ 2024ರಲ್ಲಿ ದೇಹ ಬಿಡುವವರೆಗೆ ಪಾದರಕ್ಷೆಯನ್ನೂ ವಾಹನವನ್ನೂ ಮುಟ್ಟಲಿಲ್ಲ. ಅದು ವ್ರತ, ಅದರ ಮುಂದೆ ಕೈಮುಗಿಯುವುದಷ್ಟೇ ನಮ್ಮ ಕೆಲಸ. ವ್ರತವಿಲ್ಲದ, ಶುಗರ್ ಇರುವ, ಡಾಂಬರು ರಸ್ತೆಯಲ್ಲಿ ಮಧ್ಯಾಹ್ನ ನಡೆಯುವ ನಿಮಗೂ ನನಗೂ ಅಗಲದ ಚಪ್ಪಲಿಯೇ ಕ್ಷೇಮ.

ಉಪಾಯಗಳ ಪೇಟೆಯಂತೂ ಜೋರಾಗಿದೆ. ಮೊಬೈಲ್ ತೆರೆದರೆ ಬೆರಳ ನಡುವೆ ಇಡುವ ಸಿಲಿಕಾನ್ ತುಂಡು, ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಮೊದಲು-ಆಮೇಲಿನ ಫೋಟೋ. ತುಂಡು ಇಟ್ಟಷ್ಟು ಹೊತ್ತು ಬೆರಳು ದೂರ ನಿಲ್ಲುತ್ತದೆ, ಉಜ್ಜಾಟ ತಪ್ಪುತ್ತದೆ, ಹಿತವೂ ಆಗುತ್ತದೆ. ತೆಗೆದ ಮೇಲೆ ಬೆರಳು ತನ್ನ ಜಾಗಕ್ಕೆ ವಾಪಸ್. ದೊಡ್ಡವರ ಎಲುಬನ್ನು ಪಟ್ಟಿ ಕಟ್ಟಿ ನೆಟ್ಟಗೆ ಮಾಡಿದ ಸಾಕ್ಷಿ ಯಾರಲ್ಲೂ ಇಲ್ಲ. ಇನ್ನುಳಿದದ್ದು ಶಸ್ತ್ರಚಿಕಿತ್ಸೆ. ಈ ಒಂದು ಬೆರಳಿಗೆ ನೂರಕ್ಕೂ ಹೆಚ್ಚು ಬಗೆಯ ಆಪರೇಷನ್‌ಗಳನ್ನು ವೈದ್ಯರು ಬರೆದಿಟ್ಟಿದ್ದಾರೆ. ಇಷ್ಟು ಬಗೆ ಇದೆಯೆಂದರೆ ಎಲ್ಲರಿಗೂ ಒಗ್ಗುವುದು ಒಂದೂ ಇಲ್ಲವೆಂದೇ ಅರ್ಥ. ಗಂಟನ್ನಷ್ಟೇ ಕೆತ್ತಿದರೆ ಸಾಲದು, ಸರಿದ ಎಲುಬನ್ನು ಕತ್ತರಿಸಿ ಜಾಗಕ್ಕೆ ತಂದು ಸ್ಕ್ರೂ ಹಾಕಬೇಕು. ಆರೇಳು ವಾರ ವಿಶೇಷ ಚಪ್ಪಲಿ, ತಿಂಗಳುಗಟ್ಟಲೆ ಊತ, ಕೆಲವರಲ್ಲಿ ಮತ್ತೆ ವಾಲುವ ಸಾಧ್ಯತೆ. ಅದಕ್ಕೇ ಬಲ್ಲ ವೈದ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: ನೋಯುತ್ತದೆಯೇ? ನೋವಿಲ್ಲದೆ, ಬರೇ ಮದುವೆಯ ಸ್ಯಾಂಡಲ್ಲಿಗೆ ಕಾಲು ಚಂದ ಕಾಣಲಿ ಅಂತ ಚಾಕು ಹಾಕಿಸಿಕೊಳ್ಳುವುದು ಬೇಡದ ಉಸಾಬರಿ. ನೋವು ದಿನವೂ ಇದ್ದು, ಅಗಲದ ಚಪ್ಪಲಿಯಲ್ಲೂ ಹೊಲಕ್ಕೆ ಹೋಗಲಾಗದಿದ್ದರೆ ಮಾತ್ರ ಆ ಮಾತು.

ಚಿಗವ್ವನಿಗೆ ನೋವು ಇತ್ತು, ಕಿಟಕಿ ಕೊರೆದ ಮೇಲೆ ಕಡಿಮೆಯಾಯಿತು. ಆಪರೇಷನ್ ಒಲ್ಲೆ ಅಂದಳು. ಕಾಲುಂಗುರವನ್ನು ಮಾತ್ರ ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿ, ಬಾಯಿ ತೆರೆದ ಉಂಗುರ ಮಾಡಿಸಿ ಹಾಕಿಕೊಂಡಿದ್ದಾಳೆ.

ನೀವು ಮಾಡಬೇಕಾದ್ದು ಇಷ್ಟು. ಚಪ್ಪಲಿ ಕೊಳ್ಳಲು ಸಂಜೆಗೆ ಹೋಗಿ, ಆ ಹೊತ್ತಿಗೆ ಕಾಲು ಊದಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ಹಾಳೆಯ ಮೇಲೆ ನಿಂತು ಎಳೆದ ಪಾದದ ಗೆರೆಯನ್ನು ಜೊತೆಗೆ ಒಯ್ಯಿರಿ. ಅಂಗಡಿಯ ಶೂ ಆ ಗೆರೆಗಿಂತ ಕಿರಿದಾಗಿದ್ದರೆ ಬೆಲೆಯನ್ನೂ ಕೇಳಬೇಡಿ. ದವಾಖಾನೆಗೆ ಹೋದರೆ, ಚಿಕ್ಕೋಡಿಯಾಗಲಿ, ಬೆಳಗಾವಿಯಾಗಲಿ, ಮಿರಜವಾಗಲಿ, ಪಾದದ ಎಕ್ಸ್-ರೇಗೆ ಟೇಬಲ್ ಮೇಲೆ ಮಲಗು ಅಂದ ಕೂಡಲೇ ಮಲಗಬೇಡಿ. "ನಿಂತ ತಗೀರಿ ಸಾಹೇಬ್ರ" ಅನ್ನಿ.